ಕಯಕ್ಕೆ ಕಾಲಿಲ್ಲ, ಮೀನಿಗೆ ಚೀಲವಿಲ್ಲ

ಬಯಕೆ ಕುಮುದಿನಿಯದು, ಆತುರ ಗಂಡ ದುಗ್ಗಪ್ಪನದು. ಸುಳ್ಯದ ಆಚೆ ಅವರ ಊರಲ್ಲಿ ಬಸುರಿಯ ಬಯಕೆ ಊಟಕ್ಕೆ ಮೀನುಸಾರು ಇಲ್ಲದಿದ್ದರೆ ನೆಂಟರು ಕೈ ತೊಳೆಯುವ ಮೊದಲೇ ಬಾಯಿ ತೆರೆಯುತ್ತಾರೆ. ಅದು ಅರುವತ್ತನೇ ಇಸವಿಯ ಬೇಸಿಗೆ. ಊರಲ್ಲಿ ಹರಿಯುವ ತೋಡು ಒಣಗಿ, ಕಯ ಎನ್ನುವ ಆಳದ ಗುಂಡಿಯಲ್ಲಿ ಮಾತ್ರ ನೀರಿತ್ತು. ದುಗ್ಗಪ್ಪ ಅದರ ದಡದಲ್ಲಿ ಕೂತು ಕಾರೆಕಾಯಿ ಜಜ್ಜತೊಡಗಿದ. ಆ ವಿಷ ಬಿದ್ದರೆ ಮೀನೆಲ್ಲ ತೇಲುತ್ತದೆ.

"ಮರಿಗಳೂ ತೇಲ್ತವಲ್ಲ ಮಾರಾಯ," ಅಂದರು ನೆರೆಮನೆಯ ಅಬ್ದುಲ್ಲ. ಹಡಗಿನಲ್ಲಿ ಅಡುಗೆ ಮಾಡಿ ಊರಿಗೆ ಮರಳಿದವರು. ಮಾತಿಗೆ ಕೂತರೆ ಕಡಲೇ.

"ಅಜ್ಜನ ಕಾಲದಿಂದ ಹಾಕುದು. ಮೀನು ಮುಗಿದಿದೆಯಾ?"

"ಆಗ ಒಂದು ಮನೆಯವರು ಹಾಕುದು, ಈಗ ಊರಿಡೀ. ಕೇಳು, ಆಸ್ಟ್ರೇಲಿಯಾದ ಹತ್ತಿರ ಒಂದು ದ್ವೀಪದಲ್ಲಿ ಕ್ವೊಕ್ಕ ಅಂತ ಪ್ರಾಣಿ ನೋಡಿದೆ. ಬೆಕ್ಕಿನಷ್ಟು. ತಾಯಿಯ ಹೊಟ್ಟೆಯಲ್ಲಿ ಚೀಲ, ಚೀಲದಲ್ಲಿ ಮರಿ."

"ನಮ್ಮ ಕುಮುದಿನಿಯ ಹಾಗೆ!"

"ಹೊರುದು ನಾನು, ಜಂಬ ಇವರದ್ದು," ಎಂದಳು ಪಕ್ಕದಲ್ಲೇ ಕೂತಿದ್ದ ಕುಮುದಿನಿ.

"ನಮ್ಮ ಪಡುಗಡಲಿನ ಅಮಿನಿದೀವಿ ದ್ವೀಪದ ಹತ್ತಿರ ಹವಳವನ್ನೂ ನೋಡಿದೆ. ಅದೂ ಜೀವವೇ. ಸಣ್ಣ ಸಣ್ಣ ಹುಳಗಳು ಕೂಡಿ ಕಲ್ಲಿನ ಗೋಡೆ ಕಟ್ಟುದು. ಮೀನುಗಳೆಲ್ಲ ಅಲ್ಲಿ ಗೇಣಿ ಇಲ್ಲದ ಒಕ್ಕಲು."

"ಹವಳ ಅಂದ್ರೆ ಇವಳ ಸರದಲ್ಲಿ ಉಂಟಲ್ಲ, ಅದಾ?"

"ಅದು ಇದರ ದಾಯಾದಿ. ಈಗ ಹೇಳು, ಕ್ವೊಕ್ಕ, ಹವಳ, ಈ ಎರಡರಲ್ಲಿ ಬದುಕುದು ಯಾವುದು?"

"ಕಾಲಿದ್ದದ್ದು. ಓಡ್ತದಲ್ಲ."

"ಓಡಿತು. ಯಾರೋ ನರಿ ತಂದು ಬಿಟ್ಟರು, ಆಸ್ಟ್ರೇಲಿಯಾದ ದೊಡ್ಡ ನೆಲದಲ್ಲಿ ಹೆಚ್ಚಿನವು ಮುಗಿದವು. ನರಿ ಇಲ್ಲದ ದ್ವೀಪದಲ್ಲಿ ಉಳಿದದ್ದು. ಕಾಲಿದ್ದದ್ದಕ್ಕೇ ಹೀಗೆ! ಹವಳವನ್ನು ಸುಣ್ಣಕ್ಕೆ ಒಡೆದರೆ ಮನೆಯೂ ಹೋಯ್ತು, ಒಕ್ಕಲೂ ಹೋಯ್ತು. ನಿನ್ನ ಕಯಕ್ಕೆ ಕಾಲು ಉಂಟಾ?"

"ಊಟ ನಾಳೆ ಅಬ್ದುಲ್ಲಾಕ. ಆಸ್ಟ್ರೇಲಿಯಾದಿಂದ ಮೀನು ಬರ್ತದಾ?" ದುಗ್ಗಪ್ಪ ಜಜ್ಜುತ್ತಲೇ ಇದ್ದ.

ಕುಮುದಿನಿ ನೀರಿಗೆ ಬಗ್ಗಿದಳು. ಮೊಳದುದ್ದದ ಕೊರವ ಮೀನೊಂದು ಅವಳ ನೆರಳು ಬಿದ್ದರೂ ಕದಲಲಿಲ್ಲ. ಅದರ ಮೇಲೆ ಕೆಂಪು ಮರಿಗಳ ಹಿಂಡು, ಹವಳದ ಪುಡಿ ಚೆಲ್ಲಿದ ಹಾಗೆ. ಅವಳ ಕೈ ತನ್ನ ಹೊಟ್ಟೆಗೆ ಹೋಯಿತು.

"ಇದಕ್ಕೆ ಚೀಲ ಇಲ್ಲ. ಮರಿ ಬಿಟ್ಟು ಓಡ್ಲಿಕ್ಕೂ ಮನಸ್ಸಿಲ್ಲ. ಇದರ ಮಕ್ಕಳನ್ನು ಕೊಂದು ನನ್ನ ಮಗುವಿಗೆ ಬಯಕೆಯಾ? ನಂಗೆ ಬೇಡ."

ದುಗ್ಗಪ್ಪ ಬಗ್ಗಿ ನೋಡಿದ. ಕಾರೆಕಾಯಿ ಬಾಚಿ, ಗುಡ್ಡೆಗೆ ಒಯ್ದು ಹೂತು ಬಂದ.

ಮರುದಿನ ಅಬ್ದುಲ್ಲರ ಹೆಂಡತಿ ಝೈನಬ ಕೊಟ್ಟ ಒಣಮೀನಿನ ಸಾರಿಗೆ ನೆಂಟರು ಬೆರಳು ನೆಕ್ಕಿದರು.

ಸುದ್ದಿ ಕೇಳಿ ಊರವರೂ ಆ ವರ್ಷ ಕಯಕ್ಕೆ ಕಾರೆಕಾಯಿ ಹಾಕಲಿಲ್ಲ. ಮುಂದಿನ ಬೇಸಿಗೆಗೆ ಕಯ ಮೀನಿನಿಂದ ತುಳುಕಿತು. ದುಗ್ಗಪ್ಪ ಗಾಳ ಹಾಕಿದ. ಮೊದಲ ಮೀನು ಅಬ್ದುಲ್ಲರ ಮನೆಗೆ ಹೋಯಿತು. ಮಗು ಕುಮುದಿನಿಯ ಸೊಂಟದಲ್ಲಿತ್ತು. "ನಿಮ್ಮ ಕ್ವೊಕ್ಕನಿಗೂ ಹವಳಕ್ಕೂ ನಮ್ಮ ನಮಸ್ಕಾರ ಮುಟ್ಟಿಸಿ ಅಬ್ದುಲ್ಲಾಕ," ಎಂದಳು.

ಅಣ್ಣಂದಿರೇ, ಅಕ್ಕಂದಿರೇ, ಕಯಕ್ಕೆ ಕಾರೆಕಾಯಿ ಬೇಡ, ಸಿಡಿಯುವ ತೋಟೆಯೂ ಬೇಡ. ಗಾಳ ಹಾಕಿ, ಸಾರಿಗೆ ಸಾಕಾಗುವಷ್ಟೇ ಹಿಡಿಯಿರಿ. ಮರಿ ಕಾಯುವ ತಾಯಿಯನ್ನು ಬಿಟ್ಟುಬಿಡಿ. ಸಾಕಿದ ನೀರಿನ ಋಣ ನಮ್ಮ ಮೇಲುಂಟು.