ಮಾತ್ರೆಗೆ ಬಗ್ಗದ್ದು

"ಹೋಗಿಲ್ಲ," ಎಂದರು ಡಾಕ್ಟರಮ್ಮ, ಕಾಗದದಿಂದ ತಲೆಯೆತ್ತದೆ. "ವೈರಸ್ ಇನ್ನೂ ಇದೆ."

ಅಂಬಿಗ ಮೆತ್ವಲ್ಲಿ ಬಾಯಿ ತೆರೆಯುವ ಮೊದಲೇ ಹೆಂಡತಿ ರತೀಬಾ ಶುರುಮಾಡಿದಳು. "ನುಂಗಿದ್ರೆ ತಾನೇ ಹೋಗೋದು? ಮಾತ್ರೆನೆಲ್ಲ ಕಾಲುವೆ ಮೀನಿಗೆ ಹಾಕಿರ್ತಾನೆ. ಅವುಗಳ ಲಿವರ್ ಈಗ ಚೆನ್ನಾಗಿರುತ್ತೆ, ಡಾಕ್ಟ್ರಮ್ಮ."

ಬಾಗಿಲಲ್ಲಿ ಸರದಿ ನಿಂತಿದ್ದವರು ನಕ್ಕರು. ಮೆತ್ವಲ್ಲಿ ನಗಲಿಲ್ಲ. ಹಳ್ಳಿಯಲ್ಲಿ ಅವನ ವಯಸ್ಸಿನ ಹೆಚ್ಚಿನವರಿಗೆ ಲಿವರ್ ತಿನ್ನುವ ಈ ಕಾಯಿಲೆಯಿತ್ತು. ಕಾಲುವೆ ನೀರಿನ ಹುಳುವಿನ ರೋಗಕ್ಕೆಂದು ಚಿಕ್ಕಂದಿನಲ್ಲಿ ಒಂದೇ ಸೂಜಿಯಿಂದ ಸಾಲಾಗಿ ಚುಚ್ಚಿಸಿಕೊಂಡವರು; ವೈರಸ್ ಹಬ್ಬಿದ್ದು ಆ ಸೂಜಿಯಿಂದ. ಸರ್ಕಾರದ ಮಾತ್ರೆ ನುಂಗಿ ಎಲ್ಲರೂ ಗುಣವಾದರು, ರತೀಬಾಳೂ. ಉಳಿದವನು ಇವನೊಬ್ಬ. ಹಗ್ಗ ಎಳೆದು ದೋಣಿ ದಾಟಿಸುತ್ತಿದ್ದವನನ್ನು ಒಮ್ಮೆ ಅವಳು ನಡುನೀರಿನಲ್ಲಿ, ಜನರೆದುರು, ಸುಳ್ಳ ಎಂದಿದ್ದಳು. ಅಂದಿನಿಂದ ಊರೂ ಹಾಗೆಯೇ ಅನ್ನುತ್ತಿತ್ತು. ನುಂಗಿದ್ದೇನೆಂದು ಆಣೆ ಹಾಕುವುದನ್ನು ಅವನು ಬಿಟ್ಟೇಬಿಟ್ಟಿದ್ದ.

"ನುಂಗಿದ್ರೋ ಇಲ್ವೋ ನಾನು ನೋಡಿಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ಈ ವೈರಸ್‌ನಲ್ಲಿ ಕುಲಗಳು ಬಹಳ. ನಿಮ್ಮೂರಿನವರದ್ದು ಒಂದು, ಇವರದ್ದು ಅಪರೂಪದ್ದು. ಆ ಮಾತ್ರೆಗೆ ಮೊದಲಿಂದಲೂ ಬಗ್ಗದ್ದು. ಒಂದೂ ಬಿಡದೆ ನುಂಗಿದ್ರೂ ಹೀಗಾಗುತ್ತೆ."

"ನಮಗೆಲ್ಲ ಒಂದೇ ಸೂಜಿ ಅಲ್ವಾ?" ಎಂದ ಮೆತ್ವಲ್ಲಿ.

"ನಿಮಗೆ ಬೇರೆ ಎಲ್ಲೋ ತಗುಲಿದೆ. ಈ ಸಲ ಬೇರೆ ಔಷಧಿನೂ ಸೇರಿಸಿ ಕೊಡ್ತೀನಿ."

ಸೈನ್ಯದಲ್ಲಿದ್ದಾಗ ಹಲ್ಲು ಕೀಳಿಸಿದ್ದು ಅವನಿಗೆ ನೆನಪಾಯಿತು.

ವ್ಯಾನಿನಲ್ಲಿ ರತೀಬಾ ಕಿಟಕಿಯಾಚೆ ನೋಡುತ್ತ ಕುಳಿತಳು. ಅರ್ಧ ದಾರಿಯಾದ ಮೇಲೆ ಅವನೇ ಕೇಳಿದ, "ನಾಲಿಗೆ ಎಲ್ಲಿ ಹೋಯ್ತು?"

"ಹುಡುಕ್ತಾ ಇದ್ದೀನಿ." ಅವಳು ಅವನತ್ತ ತಿರುಗಿದಳು. "ಒಂದೂ ಬಿಟ್ಟಿರಲಿಲ್ವಾ?"

"ಒಂದೂ ಬಿಟ್ಟಿರಲಿಲ್ಲ."

ದೋಣಿ ತುಂಬಿತ್ತು. ಮೆತ್ವಲ್ಲಿ, ತನ್ನ ಬದಲು ದೋಣಿ ನಡೆಸುತ್ತಿದ್ದ ತಮ್ಮನ ಕೈಯಿಂದ ಹಗ್ಗ ತೆಗೆದುಕೊಂಡ. ಮೆತ್ವಲ್ಲಿಯ ಹೆಗಲಲ್ಲಿದ್ದ ಔಷಧಿ ಚೀಲ ನೋಡಿ, ದೋಣಿಯಲ್ಲಿದ್ದ ಹಾಜಿ ಶಲಬಿ ಅಂದರು, "ಏನಯ್ಯಾ, ಈ ಸಲವಾದ್ರೂ ನುಂಗ್ತೀಯೋ?"

ರತೀಬಾ ಎದ್ದು ನಿಂತಳು. ದೋಣಿ ಓಲಾಡಿತು.

"ಹಾಜಿ, ಇವನನ್ನ ಸುಳ್ಳ ಅಂತ ಅಂದೋಳು ನಾನು, ಇದೇ ದೋಣಿಲಿ. ಇವನು ಎಲ್ಲ ನುಂಗಿದ್ದಾನೆ. ನಾನೇ ತಪ್ಪು ಮಾತಾಡಿದ್ದು."

ವೈರಸ್ಸಿನ ಕುಲದ ವಿಷಯ ಹೇಳಹೋಗಿ ಅವಳಿಗೆ ಎಲ್ಲ ಗೋಜಲಾಯಿತು. ತಡವರಿಸಿ, ಮತ್ತೆ ಮೊದಲಿನಿಂದ ಶುರುಮಾಡಿದಳು. ಮೆತ್ವಲ್ಲಿ ನೀರು ನೋಡುತ್ತ ಹಗ್ಗ ಎಳೆಯುತ್ತಿದ್ದ.

ದೋಣಿ ದಡ ಮುಟ್ಟಿತು. ಅವಳು ಹೇಳಿ ಮುಗಿಸುವವರೆಗೆ ಯಾರೂ ಇಳಿಯಲಿಲ್ಲ.