ಇನ್ನೊಂದು ಚೀಲ

ನಮ್ಮ ಅಕ್ಕ ಯಮನಮ್ಮ ಮಾತಾಡುತ್ತಾ ಮಾತಾಡುತ್ತಾ ನಿದ್ದೆ ಹೋಗಿಬಿಡುತ್ತಿದ್ದಳು. ಮೊದಮೊದಲು ನಾವೆಲ್ಲ ನಕ್ಕಿದ್ದೆವು. ರೊಟ್ಟಿ ಬೇಯಿಸುತ್ತಾ ಒಲೆಯ ಮುಂದೆಯೇ ತೂಕಡಿಸಿ ಮೊಣಕೈ ಸುಟ್ಟುಕೊಂಡ ಮೇಲೆ ನಗು ನಿಂತಿತು. ಮಲಗಿದರೆ ಗೊರಕೆ, ಗೊರಕೆಯ ನಡುವೆ ಒಮ್ಮೆಲೇ ಉಸಿರೇ ಇಲ್ಲ. ಆಗ ಪಕ್ಕದಲ್ಲಿ ಕೂತ ಭಾವ ಜಂಬಯ್ಯ ಅವಳ ಭುಜ ತಟ್ಟುತ್ತಿದ್ದರು. ಅವಳು ಜೋರಾಗಿ ಉಸಿರೆಳೆದುಕೊಂಡು ಮತ್ತೆ ಮಲಗುತ್ತಿದ್ದಳು. ತೂಕ ಇಳಿಯದಿದ್ದರೆ ಒಂದು ದಿನ ತಟ್ಟಿದರೂ ಏಳುವುದಿಲ್ಲ ಎಂದು ಹೊಸಪೇಟೆಯ ಡಾಕ್ಟರು ಹೇಳಿಬಿಟ್ಟಿದ್ದರು. ಮೂಗಿಗೆ ಕಟ್ಟುವ ಯಂತ್ರವನ್ನೂ ತಂದದ್ದಾಯಿತು. ನಿದ್ದೆಯಲ್ಲೇ ಅದನ್ನು ಕಿತ್ತು ಎಸೆಯುತ್ತಿದ್ದಳು.

ಅದಿರಿಗೆ ಚಿನ್ನದ ಬೆಲೆ ಬಂದ ಕಾಲ ಅದು. ಭಾವನ ಟಿಪ್ಪರುಗಳು ಸಂಡೂರಿನಿಂದ ಹಗಲೂ ರಾತ್ರಿ ಓಡುತ್ತಿದ್ದವು. ಗಾದಿಗನೂರಿನ ನಮ್ಮ ಜನ, ಅದಿರಿನ ದುಡ್ಡು ತಿಂದು ಊದಿದ್ದಾಳೆ ಎಂದು ಆಡಿಕೊಂಡರು. ಅವರ ಬಾಯಿಗೆ ಮಣ್ಣು ಹಾಕ! ಹೇಗೂ ಆಗ ಎಲ್ಲರ ಬಾಯಲ್ಲೂ ಕೆಂಪು ಮಣ್ಣೇ ಇತ್ತು ಅನ್ನಿ. ಅಕ್ಕ ದಪ್ಪಗಾಗತೊಡಗಿದ್ದು ಭಾವ ಇನ್ನೂ ಯಾರದೋ ಲಾರಿಯಲ್ಲಿ ಕ್ಲೀನರ್ ಆಗಿದ್ದಾಗ, ಚೀಲ ತೆಗೆಸಿದ ಮೇಲೆ.

ನಮ್ಮ ಕಡೆ ಹೆಂಗಸರು ಚೀಲ ಅಂದರೆ ಅದು ಗರ್ಭಕೋಶ. ಎರಡು ಹೆರಿಗೆ ಹೊಟ್ಟೆ ಕೊಯ್ದೇ ಆಗಿದ್ದವು. ಆಮೇಲೆ ಬಿಳಿಸೆರಗು ಎಂದು ಹೋದವಳಿಗೆ, ಇಟ್ಟುಕೊಂಡರೆ ಕ್ಯಾನ್ಸರ್ ಆಗುತ್ತದೆ ಎಂದು ಒಬ್ಬ ಪುಣ್ಯಾತ್ಮ ಹೆದರಿಸಿದ. ಇಪ್ಪತ್ತಾರಕ್ಕೇ ತೆಗೆದ. ನಮ್ಮ ಓಣಿಯಲ್ಲಿ ಅರ್ಧ ಹೆಂಗಸರದ್ದು ಹಾಗೆಯೇ ಹೋಗಿತ್ತು, ಯಾರಿಗೂ ಅದು ದೊಡ್ಡ ಮಾತಲ್ಲ. ಕೆಲವು ವರ್ಷಕ್ಕೆ ಹೊಲಿಗೆಯ ಜಾಗ ಸಡಿಲಾಗಿ ಕರುಳು ಮುಂದಕ್ಕೆ ಉಬ್ಬಿತು. ಇನ್ನೊಬ್ಬ ಡಾಕ್ಟರು ಹೊಟ್ಟೆ ಬಿಚ್ಚಿ, ಕರುಳು ಮತ್ತೆ ಉಬ್ಬದಂತೆ ಒಳಗೆ ಬಲೆಯಂಥ ಜಾಳಿಗೆ ಇಟ್ಟು ಹೊಲಿದರು.

ತೂಕ ಇಳಿಸುವ ಆಪರೇಷನ್ನಿಗೆ ಬೆಂಗಳೂರಿಗೆ ಹೋದಾಗ ಅಕ್ಕ, ಭಾವನ ಜೊತೆಗೆ ನಾನೂ ಹೋದೆ. ನಾನು ಕಮಲಾಪುರದಲ್ಲಿ ಟೀಚರು, ಡಾಕ್ಟರುಗಳ ಹತ್ತಿರ ಮಾತಾಡಲು ನಾನೇ ಲಾಯಕ್ಕು ಎಂದು ಮನೆಯವರ ತೀರ್ಮಾನ. ಅಲ್ಲಿನ ಸರ್ಜನ್ ಒಳ್ಳೆಯವರೇ. ಅಕ್ಕನ ಎದುರಿಗೆ ಕೂತು, ನಿಮ್ಮ ಹೊಟ್ಟೆಯ ಚೀಲವನ್ನು ಸಣ್ಣದು ಮಾಡುತ್ತೇವಮ್ಮ ಎಂದರು.

"ಚೀಲ ಯಾವಾಗೋ ತೆಗೆಸೇನಲ್ರಿ," ಎಂದಳು ಅಕ್ಕ.

ಅದು ಬೇರೆ, ಇದು ಅನ್ನ ಹೋಗುವ ಚೀಲ ಎಂದು ನಾನು ಬಿಡಿಸಿ ಹೇಳಿದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಳೆಹಣ್ಣಿನಷ್ಟು ಉಳಿಸುತ್ತೇವೆ ಎಂದು ಸರ್ಜನ್ ಅಂದದ್ದಕ್ಕೆ, ಸುಗಂಧಿ ಬಾಳೆಯಷ್ಟೋ ಪಚ್ಚಬಾಳೆಯಷ್ಟೋ ಎಂದು ಕೇಳಿದಳು. ಅವರೂ ನಕ್ಕರು. ಅಕ್ಕನನ್ನು ಅಷ್ಟು ಖುಷಿಯಾಗಿ ನಾನು ಕಂಡು ಬಹಳ ಕಾಲವಾಗಿತ್ತು. ನಕ್ಕು ಸುಧಾರಿಸಿಕೊಳ್ಳುವಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆ ಹೋದಳು.

ಆಮೇಲೆ ಸರ್ಜನ್ ಆಡಿದ ಮಾತು ಭಾವನಿಗೂ ನನಗೂ ಮಾತ್ರ. ಕರುಳಿನ ದಾರಿ ತಿರುಗಿಸುವ ಆಪರೇಷನ್ ಇವರಿಗೆ ಆಗುವುದೇ ಇಲ್ಲ, ಹಳೆಯ ಆಪರೇಷನ್ನುಗಳಿಂದ ಕರುಳು ಒಂದಕ್ಕೊಂದು ಅಂಟಿಕೊಂಡಿರುತ್ತದೆ ಎಂದರು. ಜಠರದ ಸುತ್ತ ಪಟ್ಟಿ ಕಟ್ಟುವುದೊಂದಿದೆ, ಈ ತೂಕಕ್ಕೆ ಅದು ಸಾಲದು. ಉಳಿದದ್ದು ಬಾಳೆಹಣ್ಣಿನದೇ. "ಕ್ಯಾಮೆರಾ ಹಾಕಿ ನೋಡ್ತೀವಿ. ದಾರಿ ಸಿಕ್ಕಿದರೆ ಮಾಡ್ತೀವಿ, ಸಿಗದಿದ್ದರೆ ಏನೂ ಮುಟ್ಟದೆ ಹೊರಗೆ ಬರ್ತೀವಿ," ಎಂದರು. ಭಾವನ ಕೈ ಅಕ್ಕನ ಭುಜದ ಮೇಲಿತ್ತು. ಅವರು ತಲೆಯಾಡಿಸಿದರು. ಅಕ್ಕನಿಗೆ ಇದನ್ನು ಹೇಳುವುದು ಬೇಡ, ಹೆದರುತ್ತಾಳೆ ಎಂದು ನಾವಿಬ್ಬರೂ ಅಂದುಕೊಂಡೆವು.

ದಾರಿ ಸಿಗಲಿಲ್ಲ. ಜಾಳಿಗೆಗೆ ಅಂಟಿದ ಕರುಳು ಜಠರದವರೆಗೂ ಹಬ್ಬಿ ಗಟ್ಟಿಯಾಗಿತ್ತಂತೆ. ಬಿಡಿಸಲು ಹೋದರೆ ಹರಿಯುತ್ತದೆ, ಹರಿದರೆ ಜೀವ ಉಳಿಯುವುದಿಲ್ಲ. ಬೇರೆ ಯಾರ ಹತ್ತಿರ ಹೋದರೂ ಈ ಹೊಟ್ಟೆಗೆ ಕೈ ಹಾಕಿಸಬೇಡಿ ಎಂದು ಸರ್ಜನ್ ಕೈ ಮುಗಿದರು. ಭಾವ ಜಗಳವಾಡಲಿಲ್ಲ, ಎಷ್ಟು ಖರ್ಚಾದರೂ ಪರವಾಗಿಲ್ಲ ಎನ್ನಲೂ ಇಲ್ಲ. ಟಿಪ್ಪರಿನ ಟೈರು ಸಿಡಿದರೆ ಊರೆಲ್ಲ ಕೇಳುವ ಹಾಗೆ ಬೈಯುವ ಮನುಷ್ಯ ಸುಮ್ಮನೆ ಗೋಡೆಗೆ ಒರಗಿ ನಿಂತರು. ಅವರನ್ನು ನೋಡಿ ನನಗೆ ಅಳು ಬಂತು.

ಅಕ್ಕನಿಗೆ ಎಚ್ಚರವಾದಾಗ ಮೊದಲು ಕೇಳಿದ್ದು, "ಆತಾ?"

"ಆತು," ಎಂದರು ಭಾವ.

ಮುಗಿಯಿತು ಎಂಬ ಅರ್ಥದಲ್ಲಿ ಅಂದರೋ, ಸುಳ್ಳೇ ಹೇಳಿದರೋ, ನಾನು ಕೇಳಲಿಲ್ಲ. ಅಕ್ಕ ಹೊಟ್ಟೆಯ ಮೇಲಿನ ಬ್ಯಾಂಡೇಜನ್ನು ಮೆಲ್ಲಗೆ ಮುಟ್ಟಿ ನಕ್ಕಳು. ಆ ನಗು ಕಂಡ ಮೇಲೆ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಆ ನಾಳೆ ಹೊಸಪೇಟೆಯವರೆಗೂ ನಮ್ಮ ಜೊತೆಗೇ ರೈಲಿನಲ್ಲಿ ಬಂತು.

ಮನೆಯಲ್ಲಿ ಅವಳ ಪಥ್ಯ ನೋಡಬೇಕಿತ್ತು. ಗಂಜಿಯನ್ನು ಎರಡು ಚಮಚ ಕುಡಿದು ಬಟ್ಟಲು ಸರಿಸಿಬಿಡುತ್ತಿದ್ದಳು. "ಭಾಳ ಸಣ್ಣದು ಮಾಡ್ಯಾರ ಲಲ್ಲಿ, ಈಟಕ್ಕ ತುಂಬಿಬಿಡ್ತದ," ಎನ್ನುತ್ತಿದ್ದಳು. ನೋಡಲು ಬಂದ ಹೆಂಗಸರಿಗೆಲ್ಲ, ನಿಮಗೆ ಒಂದೇ ಚೀಲ ಗೊತ್ತು, ನನಗೆ ಎರಡೂ ಗೊತ್ತು ಎಂದು ತಮಾಷೆ ಮಾಡುತ್ತಿದ್ದಳು. ಹಸಿವಿನಿಂದ ಅವಳ ಕಣ್ಣು ಸರಿಸಿದ ಬಟ್ಟಲಿನತ್ತಲೇ ಹೋಗುವುದು ನನಗೆ ಕಾಣುತ್ತಿತ್ತು. ಇನ್ನಷ್ಟು ಕುಡಿ ಎಂದರೆ, ಚೀಲ ಒಡೆದುಹೋದರೆ ಎಂದು ಹೆದರುತ್ತಿದ್ದಳು.

ವಾರ ಕಳೆದಿರಬೇಕು. ಮಧ್ಯಾಹ್ನ ಅಕ್ಕ ಮಲಗಿದ್ದಳು, ಭಾವ ಪಕ್ಕದಲ್ಲಿ ಕೂತಿದ್ದರು, ನಾನು ಬಾಗಿಲ ಹತ್ತಿರ ಬಟ್ಟೆ ಮಡಚುತ್ತಿದ್ದೆ. ಗೊರಕೆ ನಿಂತಿತು. ಭಾವ ತಟ್ಟಿದರು. ಅಕ್ಕ ಉಸಿರೆಳೆದುಕೊಂಡು ಕಣ್ಣು ಬಿಟ್ಟಳು.

"ಇನ್ನ ಯಾಕ ತಟ್ತೀರಿ? ಆಪರೇಷನ್ ಆತಲ್ಲ," ಎಂದಳು. "ಇಷ್ಟು ವರ್ಷ ನನ್ನ ಸಲುವಾಗಿ ನಿದ್ದಿಗೆಟ್ಟೀರಿ. ಇನ್ನ ನೀವೂ ಮಲಕೋರಿ."

ಹೇಳಿದ ಮಾತು ಕೇಳುವ ಮಗುವಿನಂತೆ ಭಾವ ಚಾಪೆಯ ಮೇಲೆ ಮಲಗಿದರು. ಕಣ್ಣು ಮುಚ್ಚಲಿಲ್ಲ. ಗೊರಕೆ ಶುರುವಾಯಿತು, ಮತ್ತೆ ನಿಂತಿತು. ಅವರು ಎದ್ದು ಕೂತು ಕೈ ಚಾಚಿದರು. ತಟ್ಟಲಾಗದೆ ನನ್ನ ಕಡೆ ನೋಡಿದರು. ನಾನೇ ಓಡಿಹೋಗಿ ತಟ್ಟಿದೆ.

ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದಳು, ಆಮೇಲೆ ಅವರ ಚಾಚಿದ ಕೈಯನ್ನು ನೋಡಿದಳು. ಗೋಡೆಯ ಕಡೆ ತಿರುಗಿಕೊಂಡಳು.

ಸಂಜೆ ಗಂಜಿ ತಂದುಕೊಟ್ಟೆ. ಬಟ್ಟಲು ಪೂರ್ತಿ ಕುಡಿದು ನನ್ನ ಮುಂದೆ ಚಾಚಿದಳು.

"ಇನ್ನೊಂದೀಟು ಹಾಕು, ಲಲ್ಲಿ," ಎಂದಳು.