ಒಂದು ಹದಿನಾರಲ್ಲ, ಎರಡು ಎಂಟು

ಐರೋಲಿಯ ಕನ್ನಡ ಸಂಘದ ಸ್ಮರಣ ಸಂಚಿಕೆಯ ಪುಟಗಳೆಲ್ಲ ತಯಾರಾಗುತ್ತಿದ್ದದ್ದು ಕಾರ್ಯದರ್ಶಿ ವಿಷ್ಣುಮೂರ್ತಿಯವರ ಮನೆಯ ಕಂಪ್ಯೂಟರಿನಲ್ಲಿ. ೧೯೯೭ರ ಆ ವರ್ಷ ಚಿತ್ರಗಳು ಹೆಚ್ಚಾಗಿ, ಎರಡು ಪುಟ ತೆರೆದರೆ ಸಾಕು, ಯಂತ್ರ ಕಲ್ಲಿನಂತೆ ಕೂತುಬಿಡುತ್ತಿತ್ತು. ಮೆಮೊರಿ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಬ್ಯಾಂಕಿನ ಗೆಳೆಯರು ಹೇಳಿದ್ದರಿಂದ ಅವರು ಠಾಣೆ ಪೇಟೆಯ ಅಂಗಡಿಯೊಂದರಿಂದ ಹದಿನಾರು ಎಂಬಿಯ ಒಂದು ಮೆಮೊರಿ ಪಟ್ಟಿ ತಂದು ಹಾಕಿಸಿದರು. ಏನೂ ಬದಲಾಗಲಿಲ್ಲ. ಬೋರ್ಡೇ ಕೆಟ್ಟಿದೆ, ಹೊಸದು ತಗೊಳ್ಳಿ ಎಂದ ಅಂಗಡಿಯವನು.

ಭಾನುವಾರ ಕರಡು ತಿದ್ದಲು ಬಂದ ಜ್ಯೋತಿಯ ಎದುರು ಅವರು ತಲೆ ಮೇಲೆ ಕೈಹೊತ್ತು ಕೂತಿದ್ದರು. "ಎಂತ ಮಾಡುವುದು ಮಾರಾಯ್ತಿ, ಈ ಸಲ ಪುಸ್ತಕ ಬರುವುದಿಲ್ಲ."

ಜ್ಯೋತಿಗೆ ಇಪ್ಪತ್ತೆರಡು ವರ್ಷ. ಕಲಬುರಗಿ ಕಡೆಯ ಅವಳ ತಂದೆ ಹಣಮಂತ್ರಾಯ ಖಾಡಿ ಎನ್ನುವ ಅಲ್ಲಿನ ಕಡಲ ಹಿನ್ನೀರಿನ ಮೇಲಿನ ಹೊಸ ಸೇತುವೆ ಕೆಲಸದಲ್ಲಿದ್ದ. ಅವಳು ರಬಾಳೆಯ ಕಾರ್ಖಾನೆಯೊಂದಕ್ಕೆ ಹೋಗುತ್ತಾಳೆಂದು ವಿಷ್ಣುಮೂರ್ತಿಯವರಿಗೆ ಗೊತ್ತಿತ್ತು. ಅಲ್ಲಿ ಏನು ಮಾಡುತ್ತಾಳೆಂದು ಅವರು ಎಂದೂ ಕೇಳಿರಲಿಲ್ಲ.

"ಸರ, ಪೆಟ್ಟಿಗಿ ಒಮ್ಮೆ ತೆಗೀಲೇನ್ರಿ?"

ಅವರು ಅನುಮಾನದಿಂದಲೇ ತಲೆಯಾಡಿಸಿದರು. ಅವಳು ತಿರುಪು ಬಿಚ್ಚಿ ಒಳಗೆ ಇಣುಕಿದಳು. ಎರಡು ನಿಮಿಷವೂ ಬೇಕಾಗಲಿಲ್ಲ.

"ಬೋರ್ಡ್ ಕೆಟ್ಟಿಲ್ರಿ. ಇಲ್ಲಿ ನಾಕು ಜಾಗ ಅದಾವ, ಎರಡೆರಡು ಸೇರಿ ಒಂದು ಜೋಡಿ. ಹಳೇವು ಎಂಟರವು ಎರಡು ಕೂತಾವ. ನೀವು ಹದಿನಾರರದು ಒಂದೇ ಹಾಕಿಸೀರಿ. ಒಂಟಿ ಇದ್ರ ಇದು ಲೆಕ್ಕಕ್ಕ ತಗೊಳ್ಳಂಗಿಲ್ರಿ."

"ನಿನಗೆ ಹೇಗೆ ಗೊತ್ತು?"

"ನಮ್ಮ ಕಂಪನ್ಯಾಗ ದಿನಾ ಇಂಥಾವೇ ಚೆಕ್ ಮಾಡ್ತೀನ್ರಿ."

ಹದಿನಾರರ ಪಟ್ಟಿಯನ್ನು ಕಿತ್ತು, ಹಳೆಯ ಪಟ್ಟಿಯೊಂದನ್ನೂ ಮಾದರಿಗೆ ತೆಗೆದುಕೊಂಡು ಇಬ್ಬರೂ ಬಸ್ ಹಿಡಿದು ಠಾಣೆಗೆ ಹೋದರು. ಅಂಗಡಿಯವನು ವಿಷ್ಣುಮೂರ್ತಿಯವರನ್ನೇ ನೋಡುತ್ತ, "ಸಾಬ್, ಬೋರ್ಡ್ ಖರಾಬ್ ಹೈ," ಎಂದ.

"ಬೋರ್ಡ್ ಠೀಕ್ ಹೈ ಭೈಯ್ಯಾ," ಎಂದಳು ಜ್ಯೋತಿ. "ಆಪ್ ನೇ ಅಕೇಲಾ ದಿಯಾ. ಜೋಡೀ ಚಾಹಿಯೇ. ಯೇ ವಾಪಸ್ ಲೋ, ಆಠ್ ಕೇ ದೋ ದೋ."

ಒಂಟಿ ಹದಿನಾರರದನ್ನು ವಾಪಸ್ ಪಡೆದು ಅವನು ಮುಖ ಗಂಟಿಕ್ಕಿಕೊಂಡೇ ಎಂಟರ ಎರಡು ಪಟ್ಟಿ ಇಟ್ಟ. ಅವಳು ಒಂದೊಂದನ್ನೂ ಬೆಳಕಿಗೆ ಹಿಡಿದು ಚಿಪ್‌ಗಳ ಮೇಲಿನ ಸಣ್ಣ ಅಕ್ಷರ ಓದಿದಳು. ಒಂದರ ಕೊನೆಗೆ ಆರು, ಇನ್ನೊಂದರ ಕೊನೆಗೆ ಏಳು. ಮಾದರಿಯಲ್ಲಿದ್ದದ್ದು ಆರು. ಏಳೆಂದರೆ ನಿಧಾನದ ಪಟ್ಟಿ; ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, "ಯೇ ಧೀಮಾ ಹೈ," ಎಂದಳು. ಅಂಗಡಿಯವನು ಮೊದಲ ಬಾರಿಗೆ ಅವಳ ಮುಖ ನೋಡಿದ. ಆರರದ್ದೇ ಬೇರೆ ಪಟ್ಟಿ ತೆಗೆದುಕೊಟ್ಟ.

ಅವರು ಮನೆ ಸೇರಿದಾಗ ಮಗಳನ್ನು ಹುಡುಕಿಕೊಂಡು ಬಂದ ಹಣಮಂತ್ರಾಯ ಬಾಗಿಲಲ್ಲಿ ನಿಂತಿದ್ದ, ಅಂಗಿಯ ಮೇಲೆ ಸಿಮೆಂಟಿನ ಧೂಳು. ಒಳಗೆ ಬರಲು ಹಿಂಜರಿದವನನ್ನು ವಿಷ್ಣುಮೂರ್ತಿ ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. "ಬನ್ನಿ, ನಿಮ್ಮ ಮಗಳ ಕೆಲಸ ನೋಡಿ."

ಮೈಯ ವಿದ್ಯುತ್ತು ಪಟ್ಟಿಗೆ ತಾಗದಿರಲೆಂದು ಜ್ಯೋತಿ ಮೊದಲು ಪೆಟ್ಟಿಗೆಯ ಕಬ್ಬಿಣ ಮುಟ್ಟಿದಳು. ಪಟ್ಟಿಯನ್ನು ಓರೆಯಾಗಿ ಇಟ್ಟು ನೆಟ್ಟಗೆ ನಿಲ್ಲಿಸಿದಾಗ ಎರಡೂ ಕಡೆಯ ಕೊಂಡಿ ಟಕ್ಕೆಂದವು. ಹಳೆಯದೊಂದು, ಹೊಸವೆರಡು, ಮೂರನ್ನೂ ಹಾಗೆಯೇ ಕೂರಿಸಿ ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಅಂಕಿಗಳು ಓಡತೊಡಗಿದವು. ಇಷ್ಟು ದಿನ ನಿಲ್ಲುತ್ತಿದ್ದ ಹದಿನಾರು ಸಾವಿರ ದಾಟಿ ಓಡಿ, ಮೂವತ್ತೆರಡು ಸಾವಿರದಾಚೆ ನಿಂತವು.

"ದಾಟಿತು!" ಎಂದು ವಿಷ್ಣುಮೂರ್ತಿ ಚಪ್ಪಾಳೆ ತಟ್ಟಿದರು.

ಹಣಮಂತ್ರಾಯನಿಗೆ ಓದು ಬರಹ ಬಾರದು. "ಏನವ್ವಾ ಅದು, ಓಡಿದ್ದು?"

"ಇದಕ್ಕ ಎಷ್ಟು ನೆನಪಿಡಾಕ ಆಗ್ತದ ಅಂತ ಅದೇ ಎಣಿಸ್ತದ, ಅಪ್ಪ. ಮೊದಲಿನಕಿಂತ ಡಬಲ್ ಆತು."

"ನೀನೇ ಮಾಡಿದ್ಯಾ?"

"ಹೂಂ."

"ಇನ್ನೊಮ್ಮೆ ತೋರ್ಸು."

ಅವಳು ಯಂತ್ರ ಆರಿಸಿ ಮತ್ತೆ ಹಚ್ಚಿದಳು. ಅವನು ಮುಂದಕ್ಕೆ ಬಾಗಿ, ಅಂಕಿ ನಿಲ್ಲುವವರೆಗೂ ರೆಪ್ಪೆ ಬಡಿಯದೆ ನೋಡಿದ.

ಮುಂದಿನ ಭಾನುವಾರ ಪ್ಯಾಂಟು ಶರ್ಟಿನ ಅಪರಿಚಿತರೊಬ್ಬರು ಹಣಮಂತ್ರಾಯನ ಮನೆಯ ಬಾಗಿಲು ತಟ್ಟಿದರು. ಅವರು ತಂದಿದ್ದ ಕಂಪ್ಯೂಟರ್ ಪೆಟ್ಟಿಗೆ ಹೊರಗೆ ರಿಕ್ಷಾದಲ್ಲೇ ಇತ್ತು.

"ಜ್ಯೋತಿಯವರು ಇದ್ದಾರಾ? ವಿಷ್ಣುಮೂರ್ತಿಯವರು ಕಳಿಸಿದರು."

ಹಣಮಂತ್ರಾಯ ಪೇಟ ಸರಿಮಾಡಿಕೊಂಡು ಎದ್ದ. "ಅದಾಳ್ರಿ, ಬರ್ರಿ ಒಳಗ. ನನ್ನ ಮಗಳೇ ಅಕಿ."